ಬಡವನ ಬಲಗಡೆ ನಿಂತ ನೀತಿ: ಹೀಬ್ರೂ ಕೀರ್ತನೆಗಳಲ್ಲಿ ಒಂದು ಕ್ರಿಯಾಪದದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಲ್ಲಿದ್ದೀರೋ, ಮೆಟ್ರೋದಲ್ಲಿದ್ದೀರೋ, ರಾತ್ರಿ ಲೈಟ್ ಆರಿಸಿ ಇಯರ್‌ಫೋನ್ ಹಾಕ್ಕೊಂಡು ಮಲಗಿದ್ದೀರೋ ಗೊತ್ತಿಲ್ಲ. ಎಲ್ಲಿದ್ರೂ ಸರಿ, ಇವತ್ತು ಒಂದು ಇಪ್ಪತ್ತು ನಿಮಿಷ ನನ್ನ ಜೊತೆ ಇರಿ.

ಈ ಸಂಚಿಕೆಗೆ ಕಾರಣ ಒಬ್ಬ ಕೇಳುಗರು ಕಳಿಸಿದ ವಾಯ್ಸ್ ನೋಟ್. ಅವರ ಫ್ಯಾಮಿಲಿ ಗ್ರೂಪಿನಲ್ಲಿ ಯಾರೋ ಬೈಬಲ್ಲಿನ ಕೀರ್ತನೆ 112ರ ಒಂದು ಸಾಲನ್ನು ಚಿನ್ನದ ಬಣ್ಣದ ಅಕ್ಷರದಲ್ಲಿ ಬರೆಸಿ ಸ್ಟೇಟಸ್ ಹಾಕಿದ್ದರಂತೆ. ದೇವರಿಗೆ ಭಯಪಡುವವನ ಮನೆಯಲ್ಲಿ ಧನ ಸಂಪತ್ತು ಇರುತ್ತೆ ಅನ್ನುವ ಅರ್ಥದ ಸಾಲು. ಅದನ್ನು ನೋಡಿ ಇವರು ನನ್ನನ್ನು ಕೇಳಿದ್ದು ಎರಡು ಪ್ರಶ್ನೆ. ಒಂದು, ಇದು ನಿಜವಾಗಲೂ ದುಡ್ಡು ಬರುತ್ತೆ ಅಂತ ಕೊಡುವ ಗ್ಯಾರಂಟಿನಾ? ಎರಡು, ಇದೇ ಹಾಡುಗಳಲ್ಲಿ ದೇವರ ನೀತಿ ಶಾಶ್ವತ ಅಂತ ಮತ್ತೆ ಮತ್ತೆ ಬರುತ್ತಲ್ಲ, ಹಾಗಿದ್ರೆ ಒಳ್ಳೆಯವರಿಗೇ ಯಾಕೆ ಪೆಟ್ಟು ಬೀಳುತ್ತೆ?

ಎರಡೂ ಸಣ್ಣ ಪ್ರಶ್ನೆಗಳಲ್ಲ. ನಾನು ಇಲ್ಲಿ ಪ್ರವಚನ ಮಾಡೋಕೆ ಕೂತಿಲ್ಲ. ಹಳೆಯ ಹಾಡುಗಳನ್ನು ಅವುಗಳ ಮೂಲ ಭಾಷೆಯಲ್ಲಿ ಅಕ್ಷರ ಅಕ್ಷರ ಕೂಡಿಸಿಕೊಂಡು ಓದೋದು ನನಗಿರುವ ಹುಚ್ಚು. ಹಾಗೆ ಓದುವಾಗ ಈ ಎರಡೂ ಪ್ರಶ್ನೆಗೆ ಒಂದೇ ಕಡೆಯಿಂದ ಬೆಳಕು ಬೀಳುತ್ತೆ ಅಂತ ನನಗನ್ನಿಸಿದೆ. ಆ ಬೆಳಕು ಇರೋದು ಒಂದು ಪುಟ್ಟ ಕ್ರಿಯಾಪದದಲ್ಲಿ. ಕನ್ನಡದಲ್ಲಿ ಹೇಳೋದಾದ್ರೆ, ‘ನಿಲ್ಲು’.

ನಮ್ಮ ‘ನೀತಿ’, ಅವರ ‘ತ್ಸೆದಾಕಾ’

ಮೊದಲು ಸ್ವಲ್ಪ ಹಿನ್ನೆಲೆ. ಹೀಬ್ರೂ ಭಾಷೆಯಲ್ಲಿ ಈ ಹಾಡುಗಳ ಸಂಗ್ರಹಕ್ಕೆ ‘ತೆಹಿಲ್ಲೀಮ್’ ಅಂತ ಹೆಸರು. ಅಂದ್ರೆ ಸ್ತುತಿಗಳು. ಒಟ್ಟು 150 ಹಾಡು, ಐದು ಭಾಗ. ಯಹೂದಿಗಳ ದೇವಾಲಯ ಜೆರುಸಲೇಮಿನಲ್ಲಿ ಇದ್ದಾಗ ಅಲ್ಲಿನ ಆರಾಧನೆಯಲ್ಲಿ ಹಾಡುತ್ತಿದ್ದವು ಇದರಲ್ಲಿ ಬಹಳಷ್ಟಿವೆ. ಕನ್ನಡ ಬೈಬಲ್ಲಿನಲ್ಲಿ ಇದಕ್ಕೆ ‘ಕೀರ್ತನೆಗಳು’ ಅಂತಾರೆ. ದಾಸರ ಕೀರ್ತನೆ ಕೇಳಿ ಬೆಳೆದ ನಮ್ಮ ಕಿವಿಗೆ ಆ ಹೆಸರು ಹೊಸದಲ್ಲ ನೋಡಿ.

ಹೀಬ್ರೂವಿನಲ್ಲಿ ‘ತ್ಸೆದಾಕಾ’ ಅಂತ ಇರುವ ಕಡೆ ಕನ್ನಡ ಬೈಬಲ್ಲಿನಲ್ಲಿ ಸಾಮಾನ್ಯವಾಗಿ ಬರುವ ಪದ ‘ನೀತಿ’. ಆದರೆ ಇವತ್ತಿನ ನಮ್ಮ ಬಾಯಲ್ಲಿ ನೀತಿ ಅಂದ್ರೆ ಏನು? ಶಾಲೆಯಲ್ಲಿ ಕಥೆ ಮುಗಿದ ಮೇಲೆ ಮೇಷ್ಟ್ರು ಹೇಳುವ ನೀತಿ. ಸರ್ಕಾರದ ಕೈಗಾರಿಕಾ ನೀತಿ. ಚುನಾವಣೆ ಬಂದಾಗ ಜಾರಿಯಾಗುವ ನೀತಿ ಸಂಹಿತೆ. ಈ ಯಾವ ಅರ್ಥವನ್ನಿಟ್ಟುಕೊಂಡು ಓದಿದ್ರೂ ‘ದೇವರ ನೀತಿ’ ಅನ್ನೋದು ಗೋಡೆಗೆ ತೂಗುಹಾಕಿದ ನಿಯಮಗಳ ಪಟ್ಟಿಯ ಥರ ಕೇಳಿಸುತ್ತೆ. ಶಾಶ್ವತ, ಆದರೆ ತಣ್ಣಗೆ.

ತ್ಸೆದಾಕಾ ಹಾಗಲ್ಲ. ಅದು ಇಬ್ಬರ ನಡುವೆ ನಡೆಯುವ ವಿಷಯ. ಒಂದು ಸಂಬಂಧದಲ್ಲಿ ನಾನು ಏನು ಮಾಡಬೇಕೋ ಅದನ್ನು ತಪ್ಪದೆ ಮಾಡೋದು.

ಒಂದು ಉದಾಹರಣೆ ಕೊಡ್ತೀನಿ. ಹೀಬ್ರೂ ಬೈಬಲ್ಲಿನ ಧರ್ಮೋಪದೇಶಕಾಂಡ 24ನೇ ಅಧ್ಯಾಯದಲ್ಲಿ ಸಾಲದ ಬಗ್ಗೆ ಒಂದು ಕಾನೂನಿದೆ. ನೀವು ಒಬ್ಬ ಬಡವನಿಗೆ ಸಾಲ ಕೊಟ್ಟಿದ್ದೀರಿ, ಅವನು ಅಡವು ಇಡಬೇಕು. ಅವನ ಹತ್ತಿರ ಇರೋದು ಮೈಮೇಲಿನ ಹೊದಿಕೆ ಒಂದೇ. ಕಾನೂನು ಹೇಳುತ್ತೆ, ಅಡವು ತಗೊಳ್ಳೋಕೆ ನೀವು ಅವನ ಮನೆಯೊಳಗೆ ನುಗ್ಗುವ ಹಾಗಿಲ್ಲ. ನೀವು ಹೊರಗೆ ನಿಲ್ಲಬೇಕು, ಅವನೇ ತಂದು ಕೊಡಬೇಕು. ಇನ್ನು, ಹೊತ್ತು ಮುಳುಗುವುದರೊಳಗೆ ಆ ಹೊದಿಕೆ ವಾಪಸ್ ಕೊಡಬೇಕು, ಯಾಕಂದ್ರೆ ರಾತ್ರಿ ಅವನು ಹೊದ್ದುಕೊಳ್ಳೋದು ಅದನ್ನೇ. ಹೀಗೆ ವಾಪಸ್ ಕೊಟ್ಟದ್ದು ದೇವರ ಮುಂದೆ ನಿಮ್ಮ ಲೆಕ್ಕದಲ್ಲಿ ತ್ಸೆದಾಕಾ ಆಗುತ್ತೆ ಅಂತ ಆ ಕಾನೂನು ಮುಗಿಯುತ್ತೆ.

ಗಮನಿಸಿ, ಸಾಲ ಕೊಟ್ಟವನು ಹೊರಗೆ ನಿಲ್ಲಬೇಕು. ಹಿಂದೆ ಎಷ್ಟೋ ಲೋನ್ ಆ್ಯಪ್‌ಗಳು ಇನ್‌ಸ್ಟಾಲ್ ಮಾಡುವಾಗ ನಿಮ್ಮ ಕಾಂಟ್ಯಾಕ್ಟ್ಸ್, ನಿಮ್ಮ ಗ್ಯಾಲರಿ ಎಲ್ಲಕ್ಕೂ ಪರ್ಮಿಷನ್ ಕೇಳುತ್ತಿದ್ದವಲ್ಲ, ಅದನ್ನು ಒಮ್ಮೆ ಪಕ್ಕದಲ್ಲಿಟ್ಟು ನೋಡಿ.

ಇದು ಬರೀ ಪುಸ್ತಕದ ಬದನೆಕಾಯಿ ಆಗಿತ್ತಾ? ಅಲ್ಲ. 1960ರಲ್ಲಿ ಇಸ್ರೇಲಿನ ಸಮುದ್ರ ತೀರದ ಮೆಸದ್ ಹಷವ್ಯಾಹು ಅನ್ನುವ ಹಳೆಯ ಕೋಟೆಯ ಜಾಗದಲ್ಲಿ ಶಾಯಿಯಲ್ಲಿ ಬರೆದ ಒಂದು ಮಡಕೆ ಚೂರು ಸಿಕ್ತು. ಕ್ರಿ.ಪೂ. 7ನೇ ಶತಮಾನದ ಕೊನೆಯ ಭಾಗದ್ದು. ಅದರಲ್ಲಿರೋದು ಒಬ್ಬ ಕೊಯ್ಲಿನ ಕೂಲಿಯಾಳು ಅಧಿಕಾರಿಗೆ ಕೊಟ್ಟ ಅರ್ಜಿ. ನನ್ನ ಪಾಲಿನ ಕೊಯ್ಲು ಮುಗಿಸಿದ್ದೆ, ಆದ್ರೂ ಒಬ್ಬ ನನ್ನ ಬಟ್ಟೆ ಕಿತ್ತುಕೊಂಡು ಹೋದ, ಜೊತೆಗೆ ಕೊಯ್ದವರು ನನಗೆ ಸಾಕ್ಷಿ ಹೇಳ್ತಾರೆ, ದಯವಿಟ್ಟು ವಾಪಸ್ ಕೊಡಿಸಿ ಅನ್ನೋದು ಅದರ ಸಾರ. ಸುಮಾರು 2600 ವರ್ಷದ ಹಿಂದಿನ ಒಂದು ದೂರು. ತ್ಸೆದಾಕಾ ಅನ್ನೋ ಪದ ಹುಟ್ಟಿ ಬೆಳೆದದ್ದು ಇಂಥ ಜನರ ನಡುವೆ. ಅವರಿಗೆ ನೀತಿ ಅಂದ್ರೆ ರಾತ್ರಿ ಚಳಿಗೆ ಹೊದಿಕೆ ವಾಪಸ್ ಬರುತ್ತಾ ಇಲ್ಲವಾ ಅನ್ನೋದು.

ಹಾಗೆ ನೋಡಿದ್ರೆ ಕನ್ನಡದಲ್ಲಿ ಇದಕ್ಕೆ ಹತ್ತಿರವಾದ ಇನ್ನೊಂದು ಪದ ಇದೆ: ಧರ್ಮ. ‘ಇದು ಧರ್ಮವಾ?’ ಅಂತ ಕೇಳಿದ್ರೆ ನ್ಯಾಯವಾ ಅಂತ ಅರ್ಥ. ‘ಧರ್ಮ ಮಾಡಿ ತಾಯಿ’ ಅಂದ್ರೆ ಏನಾದ್ರೂ ಕೊಡಿ ಅಂತ. ದಾನಧರ್ಮ ಅಂತೀವಿ, ಧರ್ಮಛತ್ರ ಅಂತೀವಿ. ನ್ಯಾಯ ಮತ್ತು ಕೊಡುವುದು, ಎರಡೂ ಒಂದೇ ಪದದೊಳಗೆ. ತ್ಸೆದಾಕಾ ಕೂಡ ಹಾಗೇ. ಮುಂದೆ ಬಂದ ಕಾಲದ ಯಹೂದಿಗಳ ಮಾತಿನಲ್ಲಿ ಆ ಪದಕ್ಕೆ ಬಡವರಿಗೆ ಕೊಡುವುದು ಅನ್ನುವ ಅರ್ಥವೇ ಮುಖ್ಯವಾಯ್ತು. ಅರಬ್ಬಿಯ ‘ಸದಕಾ’ ಇದರ ಸೋದರ ಪದ. ನಿಮ್ಮ ಮುಸ್ಲಿಂ ಸ್ನೇಹಿತರ ಮನೆಯಲ್ಲಿ ಆ ಪದ ಕೇಳಿರ್ತೀರಿ. ತ್ಸೆದಾಕಾ, ಸದಕಾ. ಒಂದೇ ಬೇರಿನ ಎರಡು ಚಿಗುರು.

ಎರಡು ಹಾಡು, ಒಂದೇ ಅಚ್ಚು

ಈಗ ಕೀರ್ತನೆ 111 ಮತ್ತು 112ಕ್ಕೆ ಬರೋಣ. ಇವೆರಡನ್ನೂ ಅಕ್ಕಪಕ್ಕ ಇಟ್ಟು ಓದಬೇಕು. ಬೇರೆ ಬೇರೆ ಓದಿದ್ರೆ ಅರ್ಧ ಮಜಾ ಹೋಗುತ್ತೆ.

ಎರಡೂ ಅಕ್ಷರಮಾಲೆಯ ಹಾಡುಗಳು. ಅಂದ್ರೆ, ನಾವು ‘ಅ’ದಿಂದ ಶುರುಮಾಡಿ ಮೊದಲ ಸಾಲು ‘ಅ’, ಎರಡನೇ ಸಾಲು ‘ಆ’, ಮೂರನೇ ಸಾಲು ‘ಇ’ ಅಂತ ಪದ್ಯ ಕಟ್ಟಿದ ಹಾಗೆ. ಹೀಬ್ರೂವಿನಲ್ಲಿ 22 ಅಕ್ಷರ. ಈ ಎರಡೂ ಹಾಡಿನಲ್ಲಿ ಮೊದಲು ಒಂದು ‘ಹಲ್ಲೆಲೂಯಾ’, ಆಮೇಲೆ 22 ಪುಟ್ಟ ಸಾಲು, ಅಕ್ಷರಕ್ಕೊಂದು. ಬಾಯಿಪಾಠ ಮಾಡೋಕೆ ಸುಲಭ. ಜೊತೆಗೆ, ಅಲೆಫ್‌ನಿಂದ ತಾವ್‌ವರೆಗೆ ಎಲ್ಲಾ ಹೇಳಿದೆವು, ಏನೂ ಬಿಟ್ಟಿಲ್ಲ ಅನ್ನುವ ಭಾವವೂ ಇರುತ್ತೆ.

111ನೇದು ದೇವರ ಬಗ್ಗೆ. ಆತ ಮಾಡಿದ ಕೆಲಸಗಳ ಪಟ್ಟಿ ಅದು. ತನ್ನವರಿಗೆ ಊಟ ಕೊಟ್ಟ, ಒಪ್ಪಂದ ಮರೆಯಲಿಲ್ಲ, ಬಿಡಿಸಿಕೊಂಡು ಬಂದ. ಹಿಂದೆ ಇರೋದು ಈಜಿಪ್ಟಿನ ಗುಲಾಮಗಿರಿಯಿಂದ ಹೊರಬಂದ ನೆನಪು. 112ನೇದು ಮನುಷ್ಯನ ಬಗ್ಗೆ. ದೇವರಿಗೆ ಭಯಪಟ್ಟು ನಡೆಯುವ ಒಬ್ಬ ಸಾಮಾನ್ಯ ಗೃಹಸ್ಥ. ಮನೆ, ಮಕ್ಕಳು, ಸಾಲ, ವ್ಯವಹಾರ, ಕೆಟ್ಟ ಸುದ್ದಿ, ಎಲ್ಲಾ ಇರುವ ಮನುಷ್ಯ.

ಈಗ ಮಜಾ ನೋಡಿ. 111ರಲ್ಲಿ ಆರನೇ ಅಕ್ಷರ ‘ವಾವ್’ ಬಂದಾಗ, ದೇವರ ತ್ಸೆದಾಕಾ ಎಂದೆಂದಿಗೂ ನಿಂತಿರುತ್ತೆ ಅಂತ ಬರುತ್ತೆ. 112ರಲ್ಲಿ ಅದೇ ಆರನೇ ಅಕ್ಷರಕ್ಕೆ, ಅದೇ ಮೂರು ಪದ, ಒಂದಕ್ಷರವೂ ಬದಲಾಗದೆ ಬರುತ್ತೆ. ಆದರೆ ಈ ಸಲ ಅದು ಆ ಮನುಷ್ಯನ ಬಗ್ಗೆ. ದೇವರ ನೀತಿಗೆ ಹೇಳಿದ ಮಾತನ್ನೇ ಸಾಲ ಕೊಟ್ಟು ತಗೊಳ್ಳುವ ಒಬ್ಬ ಗೃಹಸ್ಥನಿಗೂ ಹೇಳಿದ್ದಾರೆ.

ಇದೊಂದು ಕಡೆ ಆದ ಕಾಕತಾಳೀಯ ಅಲ್ಲ. ಎಂಟನೇ ಅಕ್ಷರಕ್ಕೆ ಹೋಗಿ. 111ರಲ್ಲಿ ದೇವರಿಗೆ ಕೃಪೆ, ಕರುಣೆ ಇರುವವನು ಅಂತ ಎರಡು ವಿಶೇಷಣ. ಧರ್ಮಗ್ರಂಥದಲ್ಲಿ ಮೋಶೆಗೆ ದೇವರು ಕಾಣಿಸಿಕೊಂಡಾಗಿನಿಂದ ಬಂದ, ದೇವರಿಗೇ ಮೀಸಲಾದ ಜೋಡಿಪದ ಅದು. 112ರಲ್ಲಿ ಎಂಟನೇ ಅಕ್ಷರಕ್ಕೆ ಅದೇ ಜೋಡಿಪದ ಬರುತ್ತೆ, ಮನುಷ್ಯನ ಹಾಡಿನೊಳಗೆ. ಹದಿನೈದನೇ ಅಕ್ಷರ ‘ಸಾಮೆಖ್’. 111ರಲ್ಲಿ ದೇವರ ಆಜ್ಞೆಗಳಿಗೆ ಭದ್ರವಾದ ಆಧಾರ ಇದೆ ಅಂತ. 112ರಲ್ಲಿ ಅದೇ ಧಾತುವಿನಿಂದ, ಆ ಮನುಷ್ಯನ ಎದೆಗೆ ಭದ್ರವಾದ ಆಧಾರ ಇದೆ ಅಂತ. ಕನ್ನಡಿ ಹಿಡಿದ ಹಾಗೆ.

ಕೊನೆಯ ಅಕ್ಷರದಲ್ಲಿ ಮಾತ್ರ ಎರಡೂ ಬೇರೆಯಾಗ್ತವೆ. 111 ಮುಗಿಯೋದು, ದೇವರ ಸ್ತುತಿ ಎಂದೆಂದಿಗೂ ನಿಂತಿರುತ್ತೆ ಅಂತ. ಮತ್ತೆ ಅದೇ ‘ನಿಲ್ಲು’. 112 ಮುಗಿಯೋದು ಕೆಡುಕರ ಆಸೆಯ ಮೇಲೆ. ಅದು ನಿಲ್ಲಲ್ಲ, ನಾಶವಾಗುತ್ತೆ.

ಆ ದುಡ್ಡು ಎಲ್ಲಿಗೆ ಹೋಯ್ತು?

ಈಗ ಮೊದಲ ಪ್ರಶ್ನೆ. ಆ ಚಿನ್ನದ ಅಕ್ಷರದ ಸ್ಟೇಟಸ್.

112ರಲ್ಲಿ ಮನೆಯಲ್ಲಿ ಧನ ಸಂಪತ್ತು ಇದೆ ಅನ್ನುವ ಸಾಲು ನಿಜವಾಗಲೂ ಇದೆ. ಅದು ಐದನೇ ಅಕ್ಷರದ ಸಾಲು. ಸ್ಟೇಟಸ್ ಹಾಕಿದವರು ಅಲ್ಲಿಗೇ ಕತ್ತರಿಸಿದ್ದಾರೆ. ಆರನೇ ಅಕ್ಷರದ ಸಾಲೇ ನಾವು ಈಗ ನೋಡಿದ್ದು, ಅವನ ತ್ಸೆದಾಕಾ ನಿಂತಿರುತ್ತೆ ಅನ್ನೋದು. ‘ವಾವ್’ ಅಕ್ಷರದಿಂದ ಶುರುವಾಗುವ ಪದಗಳು ಹೀಬ್ರೂವಿನಲ್ಲಿ ತೀರಾ ಕಡಿಮೆ. ಆದರೆ ಪದದ ಮುಂದೆ ‘ವಾವ್’ ಅಂಟಿಸಿದ್ರೆ ‘ಮತ್ತು’ ಅನ್ನುವ ಅರ್ಥ ಬರುತ್ತೆ. ಅದಕ್ಕೇ ಅಕ್ಷರಮಾಲೆಯ ಹಾಡುಗಳಲ್ಲಿ ಆರನೇ ಸಾಲು ಸಾಮಾನ್ಯವಾಗಿ ‘ಮತ್ತು’ ಅಂತ ಶುರುವಾಗುತ್ತೆ. ಇಲ್ಲಿ ಹಾಗೆ: ಮನೆಯಲ್ಲಿ ಸಂಪತ್ತು, ಮತ್ತು ನಿಂತಿರುವ ನೀತಿ. ಎರಡೂ ಜೊತೆಗಿವೆ.

ಆಮೇಲೆ ಹಾಡು ಮುಂದೆ ಹೋಗುತ್ತೆ. ಈ ಮನುಷ್ಯ ಕನಿಕರದಿಂದ ಸಾಲ ಕೊಡ್ತಾನೆ, ವ್ಯವಹಾರವನ್ನು ನ್ಯಾಯವಾಗಿ ನಡೆಸ್ತಾನೆ. ಸಾಲ ಅಂದ ತಕ್ಷಣ ಬಡ್ಡಿ ನೆನಪಾಗುತ್ತೆ ಅಲ್ವಾ? ಹೀಬ್ರೂ ಧರ್ಮಶಾಸ್ತ್ರದಲ್ಲಿ ತಮ್ಮ ಜನರೊಳಗಿನ ಬಡವನಿಗೆ ಕೊಟ್ಟ ಸಾಲಕ್ಕೆ ಬಡ್ಡಿ ತಗೊಳ್ಳೋದು ನಿಷೇಧ. ಹಾಗಾಗಿ ಆ ಕಾಲದಲ್ಲಿ ಸಾಲ ಕೊಡೋದು ಹೂಡಿಕೆ ಅಲ್ಲ, ಕಷ್ಟಕ್ಕೆ ಆಗೋದು.

ಒಂಬತ್ತನೇ ವಚನಕ್ಕೆ ಬಂದಾಗ ಏನಾಗುತ್ತೆ ಅಂದ್ರೆ, ಅವನು ತನ್ನದನ್ನು ಚೆಲ್ಲಿಬಿಡ್ತಾನೆ. ಅಲ್ಲಿರುವ ಹೀಬ್ರೂ ಪದಕ್ಕೆ ಚದುರಿಸು, ಎರಚು ಅನ್ನುವ ಅರ್ಥ. ರೈತ ಬೀಜ ಎರಚಿದ ಹಾಗೆ ಧಾರಾಳವಾಗಿ ಬಡವರಿಗೆ ಕೊಟ್ಟುಬಿಡ್ತಾನೆ. ಆ ಮೇಲಿನ ಸಾಲು? ಮತ್ತೆ ಅದೇ ಮೂರು ಪದ. ಅವನ ತ್ಸೆದಾಕಾ ಎಂದೆಂದಿಗೂ ನಿಂತಿರುತ್ತೆ. ಆದರೆ ಈ ಸಲ ಅದು ಬಂದಿರೋದು ಹದಿನೆಂಟನೇ ಅಕ್ಷರ ‘ತ್ಸಾದೆ’ಗೆ, ತ್ಸೆದಾಕಾದ ಸ್ವಂತ ಅಕ್ಷರಕ್ಕೆ. ಮುಂದೆ ‘ಮತ್ತು’ ಇಲ್ಲ.

ನನಗೆ ಈ ಇಡೀ ಹಾಡು ತೆರೆದುಕೊಂಡಿದ್ದು ಆ ಜಾಗದಲ್ಲಿ. ಮೊದಲ ಸಲ ಸಂಪತ್ತು ಮತ್ತು ನೀತಿ, ಎರಡೂ ಮನೆಯಲ್ಲಿದ್ದವು. ಎರಡನೇ ಸಲ ಸಂಪತ್ತು ಬಾಗಿಲು ದಾಟಿ ಬೀದಿಗೆ ಹೋಗಿದೆ, ಬಡವರ ಮನೆ ಸೇರಿದೆ. ನಿಂತಿರೋದು ನೀತಿ ಒಂದೇ. ಶಾಶ್ವತ ಅನ್ನುವ ಮಾತು ಈ ಹಾಡಿನಲ್ಲಿ ಸಂಪತ್ತಿಗೆ ಒಂದು ಸಲವೂ ಅಂಟಿಲ್ಲ. ಹೋದದ್ದು ದುಡ್ಡು, ಉಳಿದದ್ದು ಕೊಟ್ಟ ಕೈ.

ಹಾಗಾಗಿ ಆ ಕೇಳುಗರಿಗೆ ನನ್ನ ಉತ್ತರ: ಇದು ದುಡ್ಡು ಬರುತ್ತೆ ಅನ್ನೋ ಗ್ಯಾರಂಟಿ ಅಂತ ಓದಿದ್ರೆ ಹಾಡಿನ ಮೊದಲ ಕಾಲು ಭಾಗ ಮಾತ್ರ ಓದಿದ ಹಾಗೆ. ಪೂರ್ತಿ ಓದಿದ್ರೆ, ಬಂದ ದುಡ್ಡು ಯಾವ ಕಡೆ ಹೋಗಬೇಕು ಅನ್ನುವ ಹಾಡು ಇದು. ದೇವರು ಊಟ ಕೊಟ್ಟ ಅಂತ 111 ಹೇಳಿತ್ತಲ್ಲ, ಆ ಊಟ ಬಡವನ ತಟ್ಟೆಗೆ ಬಂದು ಬೀಳುವ ದಾರಿ 112ರಲ್ಲಿದೆ.

ಎರಡು ಹಾಡಿಗೆ ಒಂದೇ ಅಚ್ಚು ಬಳಸಿ ಕವಿ ಹೇಳಿದ್ದು ಇಷ್ಟು ಅಂತ ನನ್ನ ಓದು: ದೇವರ ನೀತಿ ನಿಂತಿದೆ ಅನ್ನೋದು ನೋಡಿ ಖುಷಿಪಡುವ ಗುಣವಲ್ಲ. ಅದು ನೆಲದ ಮೇಲೆ ಕಾಣಿಸೋದು ಅದೇ ರೀತಿ ನಿಂತ ಮನುಷ್ಯರಲ್ಲಿ.

ದೂರ ನಿಂತವನು, ಬಲಗಡೆ ನಿಂತವನು

ಎರಡನೇ ಪ್ರಶ್ನೆ ಇನ್ನೂ ಕಷ್ಟದ್ದು. ದೇವರ ನೀತಿ ಶಾಶ್ವತ ಅಂದ್ರೆ ಅನ್ಯಾಯ ಯಾಕೆ?

ಇದನ್ನು ಮೊದಲು ಕೇಳಿದ್ದು ಇವತ್ತಿನ ನಾವಲ್ಲ. ಈ ಹಾಡುಗಳನ್ನು ಬರೆದವರೇ ಕೇಳಿದ್ದಾರೆ, ಅದೂ ದೇವಾಲಯದಲ್ಲಿ ಹಾಡುವ ಹಾಡಿನೊಳಗೇ. ಕೀರ್ತನೆ 10 ಶುರುವಾಗೋದೇ, ದೇವರೇ ನೀನು ಯಾಕೆ ದೂರ ನಿಂತಿದ್ದೀಯ ಅನ್ನುವ ತಕರಾರಿನಿಂದ. ಅಲ್ಲಿರುವ ಕ್ರಿಯಾಪದ ಯಾವುದು ಗೊತ್ತಾ? ಅದೇ. ‘ಅಮದ್’, ನಿಲ್ಲು. 111ರಲ್ಲಿ ಯಾವ ಪದದಿಂದ ದೇವರ ನೀತಿ ನಿಂತಿದೆ ಅಂತ ಹೊಗಳಿದ್ದಾರೋ, ಅದೇ ಪದದಿಂದ ಇಲ್ಲಿ ಜಗಳ ಆಡಿದ್ದಾರೆ. ಬಡವನನ್ನು ಬೇಟೆಯಾಡುತ್ತಿದ್ದಾರೆ, ಹೊಂಚು ಹಾಕಿ ಹಿಡಿಯುತ್ತಿದ್ದಾರೆ, ನೀನು ಮಾತ್ರ ಅಷ್ಟು ದೂರ ನಿಂತು ನೋಡ್ತಿದ್ದೀಯ ಅನ್ನುವ ಭಾವ.

ನಮ್ಮ ಕನ್ನಡದಲ್ಲೂ ‘ನಿಲ್ಲು’ ಪದಕ್ಕೆ ಈ ಎರಡು ಮುಖ ಇದೆ ನೋಡಿ. ಬಸ್ಸು ನಿಂತ್ಹೋಯ್ತು ಅಂದ್ರೆ ಕೆಲಸ ಕೆಟ್ಟಿತು ಅಂತ. ಕಷ್ಟಕ್ಕೆ ನಿಂತ, ಬೆನ್ನಿಗೆ ನಿಂತ, ಮಾತಿಗೆ ನಿಂತ ಅಂದ್ರೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಸುಮ್ಮನೆ ನಿಂತು ನೋಡಿದವನೂ ‘ನಿಂತ’ವನೇ. ಜಾಮೀನು ನಿಂತವನೂ ‘ನಿಂತ’ವನೇ. ಪ್ರಶ್ನೆ ಇರೋದು, ಎಲ್ಲಿ ನಿಂತ ಅನ್ನೋದರಲ್ಲಿ.

ಅದಕ್ಕೆ ಉತ್ತರ ಕೀರ್ತನೆ 109ರ ಕೊನೆಯಲ್ಲಿ ಇದೆ. ಅದೊಂದು ಸಿಟ್ಟಿನ ಹಾಡು. ಕೋರ್ಟಿನ ಚಿತ್ರ ಕಣ್ಮುಂದೆ ಬರುವ ಹಾಡು. ಸುಳ್ಳು ಆರೋಪ ಹೊರಿಸಿದ್ದಾರೆ. ಆ ಹಾಡಿನ ನಡುವೆ, ಆರೋಪ ಮಾಡುವವನು ಬಂದು ಬಲಗಡೆ ನಿಲ್ಲುವ ಮಾತು ಬರುತ್ತೆ. ಕೊನೆಯ ವಚನದಲ್ಲಿ ಅದೇ ಬಲಗಡೆಯ ಜಾಗಕ್ಕೆ ದೇವರು ಬಂದು ನಿಲ್ತಾನೆ. ಯಾರ ಬಲಗಡೆ? ಬಡವನ ಬಲಗಡೆ, ಅವನಿಗೆ ಶಿಕ್ಷೆ ಕೊಡಿಸಬೇಕು ಅಂತಿರುವವರಿಂದ ಬಿಡಿಸೋಕೆ. ಇಲ್ಲಿ ಬಡವ ಅನ್ನೋದಕ್ಕೆ ಇರುವ ‘ಎವ್ಯೋನ್’ ಪದವೇ 112ರಲ್ಲಿ ಆ ಗೃಹಸ್ಥ ಯಾರಿಗೆ ಚೆಲ್ಲಿ ಕೊಟ್ಟನೋ ಆ ಜನರಿಗೂ ಇದೆ.

109, ಆಮೇಲೆ 111, ಆಮೇಲೆ 112. ಹೆಚ್ಚು ಕಮ್ಮಿ ಪಕ್ಕಪಕ್ಕದ ಹಾಡುಗಳು. ಒಂದರಲ್ಲಿ ದೇವರು ಬಡವನ ಬಲಗಡೆ ನಿಲ್ತಾನೆ. ಇನ್ನೊಂದರಲ್ಲಿ ಆತನ ನೀತಿ ನಿಲ್ಲುತ್ತೆ. ಮೂರನೆಯದರಲ್ಲಿ ಬಡವನಿಗೆ ಕೊಟ್ಟ ಮನುಷ್ಯನ ನೀತಿ ನಿಲ್ಲುತ್ತೆ. ಈ ಮೂರನ್ನೂ ಒಟ್ಟಿಗೆ ಓದಿದ ಮೇಲೆ ‘ಶಾಶ್ವತ ನೀತಿ’ ಅನ್ನೋದು ನನಗೆ ಕಲ್ಲಿನ ಕಂಬದ ಥರ ಕಾಣಿಸೋದಿಲ್ಲ. ಕೋರ್ಟಿನಲ್ಲಿ ಯಾರೂ ಇಲ್ಲದವನ ಪಕ್ಕ ಎದ್ದು ಬಂದು ನಿಂತ ಒಬ್ಬ ವ್ಯಕ್ತಿಯ ಥರ ಕಾಣಿಸುತ್ತೆ.

ಆದ್ರೂ ಸಮಾಧಾನ ಆಗಲಿಲ್ಲ ಅಂತೀರಾ? ಅವರಿಗೂ ಆಗಿರಲಿಲ್ಲ. ಕೀರ್ತನೆ 89 ನೋಡಿ. ಮೊದಲ ಭಾಗದಲ್ಲಿ ದೇವರ ಸಿಂಹಾಸನಕ್ಕೆ ನೀತಿ ಮತ್ತು ನ್ಯಾಯವೇ ಬುನಾದಿ ಅಂತ ಹೊಗಳಿಕೆ. ಕೊನೆಯ ಭಾಗಕ್ಕೆ ಬಂದ್ರೆ ರಾಜನ ಕಿರೀಟ ಮಣ್ಣುಪಾಲಾಗಿದೆ, ಕೋಟೆ ಮುರಿದಿದೆ, ಹಿಂದೆ ಕೊಟ್ಟ ಮಾತು ಎಲ್ಲಿ ಹೋಯ್ತು ಅಂತ ಕವಿ ದೇವರನ್ನೇ ಕೇಳ್ತಾನೆ. ಹೊಗಳಿಕೆ ಸುಳ್ಳಾಯ್ತು ಅಂತ ಅವನು ಅದನ್ನು ಅಳಿಸಿಲ್ಲ. ದೂರು ದೇವರಿಗೆ ಅವಮಾನ ಅಂತ ಅದನ್ನೂ ಅಳಿಸಿಲ್ಲ. ಎರಡನ್ನೂ ಒಂದೇ ಹಾಡಿನಲ್ಲಿ ಇಟ್ಟಿದ್ದಾನೆ.

ನನಗನ್ನಿಸೋದು, ದೂರು ಕೊಡೋಕೆ ಸಾಧ್ಯವಾಗಿದ್ದೇ ಆ ಹೊಗಳಿಕೆಯಿಂದ. ನ್ಯಾಯ ಸಿಗುತ್ತೆ ಅನ್ನುವ ನಂಬಿಕೆ ಇರುವ ಕಡೆ ಮಾತ್ರ ಜನ ಅರ್ಜಿ ಕೊಡ್ತಾರೆ. ಆ ಮಡಕೆ ಚೂರಿನ ಕೂಲಿಯಾಳು ಅಧಿಕಾರಿಗೆ ಬರೆಸಿದ್ದು, ಕೊಡಿಸೋದು ನಿನ್ನ ಕೆಲಸ ಅಂತ ತಿಳಿದಿದ್ದಕ್ಕೇ. ಕೀರ್ತನೆ 143ರಲ್ಲಿ ಇದು ಇನ್ನೂ ಸ್ಪಷ್ಟ. ಹಾಡುವವನು ತಾನು ಒಳ್ಳೆಯವನು ಅಂತ ವಾದ ಮಾಡೋದಿಲ್ಲ. ನಿನ್ನ ಮುಂದೆ ಯಾವ ಮನುಷ್ಯನೂ ನೀತಿವಂತ ಅಲ್ಲ ಅಂತ ಒಪ್ಪಿಕೊಳ್ತಾನೆ. ಹಾಗಾದ್ರೆ ಯಾವ ಹಕ್ಕಿನಿಂದ ಸಹಾಯ ಕೇಳ್ತಾನೆ? ನಿನ್ನ ತ್ಸೆದಾಕಾದ ಆಧಾರದ ಮೇಲೆ ಅಂತ. ನನ್ನ ಯೋಗ್ಯತೆ ನೋಡಬೇಡ, ನಿನ್ನ ಮಾತಿಗೆ ನೀನು ನಿಲ್ಲು ಅಂತ. ಶಾಶ್ವತ ಅನ್ನುವ ಪದ ಅಲ್ಲಿ ಸಮಾಧಾನದ ಮಾತ್ರೆ ಅಲ್ಲ. ದೇವರ ಮುಂದೆ ಇಡುವ ದಾಖಲೆ.

ಗುಡಿ ಬಿತ್ತು, ಹಾಡು ಬೀಳಲಿಲ್ಲ

ಕ್ರಿ.ಪೂ. 586ರ ಸುಮಾರಿಗೆ ಬ್ಯಾಬಿಲೋನಿನ ಸೇನೆ ಜೆರುಸಲೇಮಿನ ಮೊದಲ ದೇವಾಲಯ ಸುಟ್ಟಿತು. ಮತ್ತೆ ಕಟ್ಟಿದ್ದನ್ನು ಕ್ರಿ.ಶ. 70ರಲ್ಲಿ ರೋಮನ್ನರು ಕೆಡವಿದರು. ಹಾಡುವ ಜಾಗವೇ ಹೋಯ್ತು. ಆದರೆ ಹಾಡುಗಳು ಮನೆಗೆ, ಸಿನಗಾಗ್‌ಗೆ ಬಂದವು. ದೇವರು ತನ್ನ ಎಲ್ಲಾ ದಾರಿಗಳಲ್ಲಿ ನೀತಿವಂತ ಅನ್ನುವ ಮಾತಿರುವ ಕೀರ್ತನೆ 145 ಕೂಡ ಅಕ್ಷರಮಾಲೆಯ ಹಾಡೇ. ಸಂಪ್ರದಾಯ ಪಾಲಿಸುವ ಯಹೂದಿಗಳು ಅದನ್ನು ಇವತ್ತಿಗೂ ದಿನಕ್ಕೆ ಮೂರು ಸಲ ಹೇಳ್ತಾರೆ.

ಹಾಡಿನ ಜೊತೆಗೆ ಕೊಡುವುದೂ ಬಂತು. ಎಷ್ಟೋ ಯಹೂದಿ ಮನೆಗಳಲ್ಲಿ ಒಂದು ಪುಟ್ಟ ತ್ಸೆದಾಕಾ ಡಬ್ಬಿ ಇರುತ್ತೆ. ಶುಕ್ರವಾರ ಸಂಜೆ ಸಬ್ಬತ್ತಿನ ದೀಪ ಹಚ್ಚುವ ಮೊದಲು ಅದಕ್ಕೆ ನಾಣ್ಯ ಹಾಕೋದು ಪದ್ಧತಿ. ಇದನ್ನು ಅವರು ದೊಡ್ಡ ಮನಸ್ಸು ಅಂತ ಕರೆಯೋದಿಲ್ಲ, ಕರ್ತವ್ಯ ಅಂತಾರೆ. ಎಷ್ಟರ ಮಟ್ಟಿಗೆ ಅಂದ್ರೆ, ತ್ಸೆದಾಕಾ ಪಡೆದು ಬದುಕುವ ಬಡವನೂ ತನಗೆ ಬಂದದ್ದರಲ್ಲಿ ಸ್ವಲ್ಪ ತ್ಸೆದಾಕಾ ಕೊಡಬೇಕು ಅಂತ ಅವರ ಧರ್ಮಶಾಸ್ತ್ರ ಹೇಳುತ್ತೆ. ಕೊಡುವ ಘನತೆ ಅವನಿಗೂ ಇರಲಿ ಅಂತ ನಾನು ಅದನ್ನು ಅರ್ಥ ಮಾಡಿಕೊಂಡಿದ್ದೀನಿ.

12ನೇ ಶತಮಾನದಲ್ಲಿ ಈಜಿಪ್ಟಿನಲ್ಲಿದ್ದ ವೈದ್ಯ, ವಿದ್ವಾಂಸ ಮೈಮೊನಿಡೀಸ್ ಇದಕ್ಕೆ ಎಂಟು ಮೆಟ್ಟಿಲು ಮಾಡಿ ಬರೆದ. ಎಲ್ಲಕ್ಕಿಂತ ಕೆಳಗೆ, ಮುಖ ಗಂಟಿಕ್ಕಿಕೊಂಡು ಕೊಡೋದು. ಮೇಲಿನಿಂದ ಎರಡನೆಯದು, ಕೊಟ್ಟವನಿಗೆ ಪಡೆದವನು ಗೊತ್ತಿಲ್ಲದೆ, ಪಡೆದವನಿಗೆ ಕೊಟ್ಟವನು ಗೊತ್ತಿಲ್ಲದೆ ಕೊಡೋದು. ತುತ್ತತುದಿಯ ಮೆಟ್ಟಿಲು ಯಾವುದು? ಬೀಳುತ್ತಿರುವವನಿಗೆ ಸಾಲ ಕೊಟ್ಟೋ, ಪಾಲುದಾರನಾಗಿ ಸೇರಿಸಿಕೊಂಡೋ, ಕೆಲಸ ಕೊಡಿಸಿಯೋ ಅವನು ಕೈಚಾಚದ ಹಾಗೆ ಮಾಡೋದು. ಅಂದ್ರೆ ಅವನನ್ನು ಅವನ ಕಾಲ ಮೇಲೆ ನಿಲ್ಲಿಸೋದು. 112ರಲ್ಲಿ ಕನಿಕರದಿಂದ ಸಾಲ ಕೊಟ್ಟ ಮನುಷ್ಯ ನೆನಪಾಗ್ತಾನೆ.

ಕ್ರೈಸ್ತರಲ್ಲೂ ಈ ಹಾಡು ಇದೇ ಕೆಲಸಕ್ಕೆ ಬಂತು. ಜೆರುಸಲೇಮಿನ ಬಡವರಿಗಾಗಿ ಪೌಲ ಬೇರೆ ಬೇರೆ ಊರುಗಳಲ್ಲಿ ಹಣ ಕೂಡಿಸುತ್ತಿದ್ದ. ಆಗ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ, ಕೊಡಿ ಅಂತ ಪ್ರೋತ್ಸಾಹಿಸೋಕೆ ಅವನು ಆರಿಸಿಕೊಂಡದ್ದು 112ರ ಆ ಒಂಬತ್ತನೇ ವಚನವನ್ನೇ. ಸಂಪತ್ತಿನ ಸಾಲನ್ನಲ್ಲ, ಚೆಲ್ಲಿದ ಸಾಲನ್ನು.

ಹಾಡಿಬಿಟ್ರೆ ಸಾಕಾ? ಸಾಕಾಗಲ್ಲ ಅಂತ ಕ್ರಿ.ಪೂ. 8ನೇ ಶತಮಾನದಲ್ಲೇ ಆಮೋಸ ಅನ್ನುವ ಪ್ರವಾದಿ ಗದರಿದ್ದ. ಬಡವರನ್ನು ತುಳಿದು ಬಂದು ನನ್ನ ಮುಂದೆ ಹಾಡಿದ್ರೆ ಅದು ನನಗೆ ಬರೀ ಗದ್ದಲ ಅಂತ ದೇವರೇ ಹೇಳಿದ ಹಾಗೆ ಅವನ ಮಾತು. ಅದರ ಬದಲು ತ್ಸೆದಾಕಾ ಬತ್ತದ ಹಳ್ಳದ ಹಾಗೆ ಹರಿಯಲಿ ಅಂದ. ಆ ನಾಡಿನ ಹಳ್ಳಗಳಲ್ಲಿ ಹೆಚ್ಚಿನವು ಬೇಸಿಗೆ ಬಂದ್ರೆ ಒಣಗಿ ಹೋಗುವಂಥವು. ಹಾಗಾಗಿ ಬತ್ತದ ಹಳ್ಳ ಅಂದ್ರೆ ಕೇಳುವವರಿಗೆ ಎಷ್ಟು ದೊಡ್ಡ ಮಾತು ಅಂತ ಗೊತ್ತಿತ್ತು. 1963ರಲ್ಲಿ ವಾಷಿಂಗ್ಟನ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಕನಸಿನ ಭಾಷಣದಲ್ಲಿ ನೆನೆದದ್ದು ಆಮೋಸನ ಇದೇ ಮಾತನ್ನು.

ಇನ್ನು ಮುಗಿಸ್ತೀನಿ. ಅದಕ್ಕೆ ಮೊದಲು 112ರ ಇನ್ನೊಂದು ವಿಷಯ, ನಿಮ್ಮ ಫೋನಿಗೆ ಸಂಬಂಧಪಟ್ಟದ್ದು. ಆ ಮನುಷ್ಯ ಕೆಟ್ಟ ಸುದ್ದಿಗೆ ಹೆದರೋದಿಲ್ಲ ಅಂತ ಹಾಡು ಹೇಳುತ್ತೆ. ಅವನಿಗೆ ಕೆಟ್ಟ ಸುದ್ದಿ ಬರೋದೇ ಇಲ್ಲ ಅಂತ ಹೇಳೋದಿಲ್ಲ, ಗಮನಿಸಿ. ಕತ್ತಲೆ ಇಲ್ಲ ಅಂತಲೂ ಹೇಳೋದಿಲ್ಲ. ಕತ್ತಲೆಯಲ್ಲಿ ಬೆಳಕು ಹುಟ್ಟುತ್ತೆ ಅಂತ ಹೇಳುತ್ತೆ. ಸುದ್ದಿ ಬರುತ್ತೆ, ನೋಟಿಫಿಕೇಶನ್ ಬರುತ್ತೆ, ಕೆಲಸ ಹೋಗಬಹುದು, ರಿಪೋರ್ಟ್ ಕೆಟ್ಟದ್ದಾಗಿ ಬರಬಹುದು. ಆ ಹೊತ್ತಿಗೆ ಅವನ ಎದೆ ಆತುಕೊಂಡಿರೋದು ಬ್ಯಾಂಕ್ ಬ್ಯಾಲೆನ್ಸಿಗೆ ಅಲ್ಲ, ಅದನ್ನು ಅವನು ಆಗಲೇ ಚೆಲ್ಲಿದ್ದಾನೆ. ಬಡವನ ಬಲಗಡೆ ಒಬ್ಬ ನಿಂತಿದ್ದಾನೆ, ನಾನೂ ಅದೇ ಕಡೆ ನಿಂತಿದ್ದೀನಿ ಅನ್ನುವುದಕ್ಕೆ.

ವಾಯ್ಸ್ ನೋಟ್ ಕಳಿಸಿದವರೇ, ಅನ್ಯಾಯ ಯಾಕಿದೆ ಅನ್ನೋದಕ್ಕೆ ಈ ಹಾಡುಗಳಲ್ಲಿ ಒಂದು ಸಾಲಿನ ಉತ್ತರ ಇಲ್ಲ. ಇರೋದು ಎರಡು ಕೆಲಸ. ದೇವರ ಹತ್ತಿರ, ಮಾತಿಗೆ ನಿಲ್ಲು ಅಂತ ಜೋರಾಗಿ ಕೇಳೋದು. ಜೊತೆಗೆ, ನಾವು ಯಾರ ಪಕ್ಕ ನಿಂತಿದ್ದೀವಿ ಅಂತ ನೋಡಿಕೊಳ್ಳೋದು. ಮೊದಲನೆಯದನ್ನು ಮಾಡದೆ ಎರಡನೆಯದನ್ನು ಮಾಡುವ ಜನ ಇದ್ದಾರೆ, ನನಗೆ ಅವರ ಮೇಲೆ ಗೌರವ. ಎರಡನೆಯದನ್ನು ಮಾಡದೆ ಮೊದಲನೆಯದನ್ನು ಮಾತ್ರ ಹಾಡುವವರಿಗೆ ಆಮೋಸ ಏನು ಹೇಳ್ತಿದ್ದ ಅಂತ ಈಗ ನಿಮಗೇ ಗೊತ್ತು.

ಇವತ್ತು ಹತ್ತು ನಿಮಿಷ ಸಿಕ್ಕಿದ್ರೆ 111 ಮತ್ತು 112ನ್ನು ಫೋನಿನಲ್ಲಿ ಅಕ್ಕಪಕ್ಕ ತೆರೆದು ಓದಿ. ಎರಡೂ ಸೇರಿ 20 ವಚನ ಅಷ್ಟೇ. ‘ನೀತಿ’ ಅಂತ ಬಂದ ಕಡೆಯೆಲ್ಲ ಹೊತ್ತು ಮುಳುಗುವುದರೊಳಗೆ ವಾಪಸ್ ಬಂದ ಆ ಹೊದಿಕೆಯನ್ನು ನೆನಪು ಮಾಡಿಕೊಳ್ಳಿ. ಆ ಫ್ಯಾಮಿಲಿ ಗ್ರೂಪಿಗೆ ಏನಾದ್ರೂ ಕಳಿಸಬೇಕು ಅನ್ನಿಸಿದ್ರೆ, ಒಂಬತ್ತನೇ ವಚನ ಕಳಿಸಿ.

ಮುಂದಿನ ವಾರ ಸಿಗೋಣ. ನಿಮ್ಮ ಪ್ರಶ್ನೆ, ತಕರಾರು ಏನಿದ್ರೂ ಕಳಿಸ್ತಾ ಇರಿ. ನಮಸ್ಕಾರ.